ಒತ್ತಡಕೋಷ್ಠದ ಪರಿಚಾರಕರು: ಅವರ ಉಸಿರಿನ ರಕ್ಷಣೆ

ಹಳಗನ್ನಡದಲ್ಲಿ ‘ಉಸಿರ್’ ಎಂಬ ಒಂದೇ ಧಾತುವಿಗೆ ಶ್ವಾಸಿಸು ಎಂಬ ಅರ್ಥವೂ ಉಂಟು, ನುಡಿ, ಹೇಳು ಎಂಬ ಅರ್ಥವೂ ಉಂಟು. ಉಸಿರಿದ್ದವನು ಮಾತ್ರ ಉಸಿರಬಲ್ಲನೆಂಬ ಲೋಕಾನುಭವ ಆ ಒಂದು ಶಬ್ದದಲ್ಲಿ ಅಡಗಿದೆ. ಆದರೆ ಕೆಲವು ವೃತ್ತಿಗಳವರ ಉಸಿರಿಗೆ ಒದಗುವ ತೊಂದರೆಯನ್ನು ಕುರಿತು ಉಸಿರುವವರೇ ವಿರಳ. ಗಣಿಯ ಧೂಳನ್ನು ಸೇವಿಸಿ ಬಳಲುವವರ ಸಂಗತಿ, ಗಿರಣಿಯ ಹತ್ತಿಯ ಎಳೆ ಎದೆಯನ್ನು ಸೇರಿ ಕೆಮ್ಮುವವರ ಸಂಗತಿ ಇಂದು ಸಾಕಷ್ಟು ಪ್ರಸಿದ್ಧವಾಗಿದೆ. ರೋಗಿಗೆ ಜೀವದಾನ ಮಾಡುವ ಯಂತ್ರದೊಳಗೆ ರೋಗಿಯ ಮಗ್ಗುಲಲ್ಲಿಯೇ ಕುಳಿತು ಶುಶ್ರೂಷೆ ಮಾಡುವ ಪರಿಚಾರಕರ ಸಂಗತಿಯಾದರೋ ಅಷ್ಟು ಪ್ರಸಿದ್ಧವಲ್ಲ. ಆ ಯಂತ್ರವೇ ಒತ್ತಡಕೋಷ್ಠ. ಆಸ್ಪತ್ರೆಗಳಲ್ಲಿ ಅದನ್ನು ‘ಹೈಪರ್‌ಬಾರಿಕ್ ಚೇಂಬರ್’ ಎಂಬ ಹೆಸರಿನಿಂದ ಕರೆಯುತ್ತಾರೆ.

ಈ ಹೆಸರಿನ ಅರ್ಥವನ್ನು ಮೊದಲು ತಿಳಿಯುವುದು ಯುಕ್ತ. ‘ಹೈಪರ್’ ಎಂದರೆ ಗ್ರೀಕ್ ಭಾಷೆಯಲ್ಲಿ ಮೇಲೆ, ಅಧಿಕ ಎಂದರ್ಥ. ‘ಬಾರೋಸ್’ ಎಂದರೆ ತೂಕ. ಕಿವಿಗೆ ಇದು ನಮ್ಮ ‘ಭಾರ’ ಶಬ್ದದ ನೆಂಟನಂತೆ ಕೇಳಿದರೂ ಭಾಷಾಶಾಸ್ತ್ರಜ್ಞರ ಪ್ರಕಾರ ಅದರ ನಿಜವಾದ ಬಂಧು ಸಂಸ್ಕೃತದ ‘ಗುರು’ ಶಬ್ದ, ಅಂದರೆ ತೂಕವುಳ್ಳದ್ದು. ಹಾಗಾಗಿ ಹೈಪರ್‌ಬಾರಿಕ್ ಎಂದರೆ ಸಹಜಕ್ಕಿಂತ ಅಧಿಕವಾದ ಗಾಳಿಯ ಒತ್ತಡವುಳ್ಳದ್ದು ಎಂದಾಗುತ್ತದೆ.

೧. ಗಾಳಿಯ ಭಾರ

ಗಾಳಿಗೆ ಭಾರವಿದೆಯೆಂಬುದು ಮೇಲ್ನೋಟಕ್ಕೆ ತೋರುವುದಿಲ್ಲ. ಸಮುದ್ರಮಟ್ಟದಲ್ಲಿ ನಿಂತ ಮನುಷ್ಯನ ಮೈಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ವಾಯುಮಂಡಲವು ಸುಮಾರು ಒಂದು ಕಿಲೋಗ್ರಾಮಿನಷ್ಟು ಭಾರವನ್ನು ಹೇರಿರುತ್ತದೆ. ಇದನ್ನು ಒಂದು ವಾಯುಭಾರ ಎಂದು ಕರೆಯೋಣ. ಸಮುದ್ರದ ನೀರಿನಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಇಳಿದಂತೆ ಇನ್ನೊಂದು ವಾಯುಭಾರ ಕೂಡುತ್ತ ಹೋಗುತ್ತದೆ. ಒತ್ತಡಕೋಷ್ಠವೆಂದರೆ ನೀರಿಲ್ಲದೆಯೇ ಆ ಆಳವನ್ನು ಉಂಟುಮಾಡುವ ಗಟ್ಟಿಯಾದ ಉಕ್ಕಿನ ಕೊಠಡಿ. ಅದರ ಬಾಗಿಲನ್ನು ಭದ್ರವಾಗಿ ಮುಚ್ಚಿ ಒಳಕ್ಕೆ ಗಾಳಿಯನ್ನು ಒತ್ತಿ ತುಂಬಿದರೆ ಒಳಗಿದ್ದವರು ಕುಳಿತಲ್ಲಿಯೇ ಸಮುದ್ರದ ತಳಕ್ಕೆ ಇಳಿದಂತೆ ಆಗುತ್ತದೆ. ಆದ್ದರಿಂದಲೇ ಈ ವೃತ್ತಿಯವರು ಒತ್ತಡ ಏರಿಸುವುದನ್ನು ‘ಇಳಿಯುವುದು’ ಎಂದೂ ಒತ್ತಡ ತಗ್ಗಿಸುವುದನ್ನು ‘ಮೇಲೇರುವುದು’ ಎಂದೂ ಹೇಳುತ್ತಾರೆ. ಮುಂದಿನ ವಿವರಣೆಯಲ್ಲಿ ಈ ಮಾತುಗಳನ್ನು ಇದೇ ಅರ್ಥದಲ್ಲಿ ಗ್ರಹಿಸಬೇಕು.

೨. ಪೂರ್ವೇತಿಹಾಸ

ಅಧಿಕ ಒತ್ತಡದ ಗಾಳಿಯಲ್ಲಿ ಮನುಷ್ಯನು ದುಡಿದಾಗ ಏನಾಗುತ್ತದೆಂಬುದನ್ನು ಜಗತ್ತು ಮೊದಲು ಕಲಿತದ್ದು ಆಸ್ಪತ್ರೆಯಲ್ಲಿ ಅಲ್ಲ, ನದಿಯ ತಳದಲ್ಲಿ. ೧೮೪೧ರ ವೇಳೆಗೆ ಫ್ರಾನ್ಸಿನ ಟ್ರಿಜೇ ಎಂಬ ಎಂಜಿನಿಯರು ಲ್ವಾರ್ ನದಿಯ ಕೆಳಗಿದ್ದ ಕಲ್ಲಿದ್ದಲಿನ ನಿಕ್ಷೇಪವನ್ನು ತಲುಪುವುದಕ್ಕಾಗಿ ಒತ್ತಡದ ಗಾಳಿ ತುಂಬಿದ ಕಬ್ಬಿಣದ ಕೊಳವೆಯೊಂದನ್ನು ಕಲ್ಪಿಸಿದನು. ನೀರು ಒಳನುಗ್ಗದಂತೆ ಗಾಳಿಯೇ ತಡೆಯುತ್ತಿತ್ತು. ಕೆಲಸಗಾರರು ಒಣನೆಲದಲ್ಲಿ ನಿಂತು ಅಗೆಯುತ್ತಿದ್ದರು. ಈ ಬಗೆಯ ಪೆಟ್ಟಿಗೆಗೆ ‘ಕೇಸನ್’ ಎಂದು ಹೆಸರಾಯಿತು. ಸೇತುವೆಗಳ ಕಂಬಗಳಿಗೆ ಅಸ್ತಿಭಾರ ಹಾಕಲು ಇದು ಅತ್ಯಂತ ಉಪಯುಕ್ತವೆಂದು ಬೇಗನೆ ತಿಳಿದುಬಂದಿತು. ಆದರೆ ಕೆಲಸಗಾರರು ಒಳಗೆ ಇರುವಷ್ಟು ಹೊತ್ತು ಆರೋಗ್ಯವಾಗಿದ್ದು, ಹೊರಗೆ ಬಂದ ಮೇಲೆ ಕೀಲುನೋವು, ಪಾರ್ಶ್ವವಾಯು, ಎದೆಬಿಗಿತಗಳಿಂದ ನರಳುವುದನ್ನು ಅಲ್ಲಿನ ವೈದ್ಯರು ೧೮೫೪ರಲ್ಲಿಯೇ ವರದಿಮಾಡಿದರು. ಕೇಡು ಇಳಿಯುವಾಗ ಬರುವುದಲ್ಲ, ಮೇಲೇರಿದ ಮೇಲೆ ಬರುವುದೆಂಬ ಸೂಕ್ಷ್ಮ ಆಗಲೇ ಕಾಣಿಸಿಕೊಂಡಿತ್ತು.

ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಮಿಸಿಸಿಪ್ಪಿ ನದಿಗೆ ಈಡ್ಸ್ ಎಂಬ ಎಂಜಿನಿಯರು ಸೇತುವೆ ಕಟ್ಟಿಸುತ್ತಿದ್ದಾಗ, ೧೮೭೦ರಲ್ಲಿ, ಈ ರೋಗ ಭೀಕರವಾಗಿ ತಲೆದೋರಿತು. ಹತ್ತಕ್ಕೂ ಹೆಚ್ಚು ಮಂದಿ ಕೂಲಿಗಳು ಸತ್ತರು. ಅವರನ್ನು ನೋಡಿಕೊಳ್ಳಲು ನೇಮಕವಾಗಿದ್ದ ಡಾಕ್ಟರ್ ಜಾಮಿನೆ ಎಂಬವರು ರೋಗದ ಕಾರಣವನ್ನು ಅರಿಯಲು ತಾವೇ ಕೇಸನ್ನಿನೊಳಕ್ಕೆ ಇಳಿದರು. ಸುಮಾರು ೯೫ ಅಡಿ ಆಳದ ಒತ್ತಡದಲ್ಲಿ ಎರಡೂಮುಕ್ಕಾಲು ಗಂಟೆ ಇದ್ದು, ಮೂರೂವರೆ ನಿಮಿಷಗಳಲ್ಲಿ ಹೊರಗೆ ಬಂದರು. ಮನೆ ಸೇರುವಷ್ಟರಲ್ಲಿ ಅವರ ಕೈಕಾಲುಗಳು ಸ್ವಾಧೀನ ತಪ್ಪಿದವು, ಮಾತು ನಿಂತಿತು. ದೈವವಶಾತ್ ಅವರು ಚೇತರಿಸಿಕೊಂಡರು. ಶುಶ್ರೂಷೆಗೆಂದು ಒತ್ತಡದೊಳಗೆ ಹೋದವನೇ ರೋಗಿಯಾದ ನಿದರ್ಶನಗಳಲ್ಲಿ ಇದು ಆದ್ಯವಾದವುಗಳಲ್ಲೊಂದು.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಸ್ತಿಭಾರದಲ್ಲಿಯೂ ಇದೇ ಕಥೆ. ಅಲ್ಲಿನ ವೈದ್ಯ ಆಂಡ್ರೂ ಸ್ಮಿತ್ ೧೧೦ ಮಂದಿ ರೋಗಿಗಳನ್ನು ಗುರುತಿಸಿದರು, ಮೂವರು ಮರಣಹೊಂದಿದರು. ಮುಖ್ಯ ಎಂಜಿನಿಯರ್ ವಾಷಿಂಗ್‌ಟನ್ ರೋಬ್ಲಿಂಗ್ ೧೮೭೨ರಲ್ಲಿ ಈ ರೋಗಕ್ಕೆ ತುತ್ತಾಗಿ, ಸೇತುವೆ ೧೮೮೩ರಲ್ಲಿ ಮುಗಿಯುವವರೆಗೆ ಬಹುಮಟ್ಟಿಗೆ ಮನೆಯಲ್ಲಿಯೇ ಉಳಿಯಬೇಕಾಯಿತು. ಅವರ ಪತ್ನಿ ಎಮಿಲಿಯವರು ಗಂಡನ ಆದೇಶಗಳನ್ನು ಕೆಲಸದ ಸ್ಥಳಕ್ಕೆ ಒಯ್ದು ಕಾರ್ಯವನ್ನು ಸಾಗಿಸಿದರು.

ರೋಗಕ್ಕೆ ಮದ್ದು ಒತ್ತಡದಲ್ಲಿಯೇ ಇದೆಯೆಂಬ ವಿಚಾರ ನೆಲೆಗೊಂಡದ್ದು ಹಡ್ಸನ್ ನದಿಯ ಸುರಂಗದ ಕಾಮಗಾರಿಯಲ್ಲಿ. ಅಲ್ಲಿ ಕೆಲಸಗಾರರಲ್ಲಿ ವರ್ಷಕ್ಕೆ ನಾಲ್ವರಲ್ಲಿ ಒಬ್ಬನಂತೆ ಸಾಯುತ್ತಿದ್ದ ಕಾಲದಲ್ಲಿ, ೧೮೯೦ರ ಸುಮಾರಿಗೆ, ಅರ್ನೆಸ್ಟ್ ಮೋಯಿರ್ ಎಂಬ ಎಂಜಿನಿಯರು ರೋಗಿಗಳನ್ನು ಮತ್ತೆ ಒತ್ತಡಕ್ಕೊಳಪಡಿಸಿ ನಿಧಾನವಾಗಿ ಹೊರತರುವ ಕೋಷ್ಠವೊಂದನ್ನು ಕಟ್ಟಿಸಿದರು. ಆ ಬಳಿಕ ೧೨೦ ಮಂದಿಯಲ್ಲಿ ಹದಿನೈದು ತಿಂಗಳಿಗೆ ಇಬ್ಬರು ಮಾತ್ರ ಸತ್ತರು. ಇಂದಿನ ಚಿಕಿತ್ಸಾಕೋಷ್ಠಕ್ಕೆ ಇದೊಂದು ಪೂರ್ವಜ.

ನಮ್ಮ ದೇಶವೂ ಈ ಇತಿಹಾಸದಿಂದ ಹೊರತಲ್ಲ. ಕಲಕತ್ತೆಯ ಹೌರಾ ಸೇತುವೆಯನ್ನು ೧೯೩೬ರಿಂದ ೧೯೪೨ರವರೆಗೆ ಕಟ್ಟುತ್ತಿದ್ದಾಗ, ಕಲಕತ್ತೆಯ ದಡದ ಕಡೆ ಮರಳು ಹರಿದುಬರುತ್ತಿದ್ದುದರಿಂದ ಒತ್ತಡದ ಗಾಳಿಯನ್ನು ಉಪಯೋಗಿಸಬೇಕಾಯಿತು. ಚದರ ಅಂಗುಲಕ್ಕೆ ಸುಮಾರು ನಲವತ್ತು ಪೌಂಡುಗಳ ಒತ್ತಡವನ್ನು ಕಾಯ್ದುಕೊಂಡು ಸುಮಾರು ಐನೂರು ಮಂದಿ ದುಡಿದರು. ಇಂದು ಆ ಸೇತುವೆಯ ಮೇಲೆ ನಡೆಯುವ ಲಕ್ಷಾಂತರ ಜನರ ಪಾದದ ಕೆಳಗೆ ಅವರ ಉಸಿರಿನ ಶ್ರಮ ಅಡಗಿದೆ.

೩. ಕಾರಣದ ಅನ್ವೇಷಣೆ

ಎರಡು ನಿಯಮಗಳನ್ನು ತಿಳಿದರೆ ಈ ರೋಗದ ಸ್ವರೂಪ ಸ್ಪಷ್ಟವಾಗುತ್ತದೆ. ಮೊದಲನೆಯದು ಬಾಯ್ಲ್ ನಿಯಮ: ಉಷ್ಣತೆ ಬದಲಾಗದಿರುವಾಗ ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ, ಒತ್ತಡ ಅರ್ಧವಾದರೆ ಗಾತ್ರ ಇಮ್ಮಡಿಯಾಗುತ್ತದೆ. ಎರಡನೆಯದು ೧೮೦೩ರಲ್ಲಿ ಪ್ರಕಟವಾದ ಹೆನ್ರಿ ನಿಯಮ: ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಹೆಚ್ಚುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದೊಡನೆ ನೊರೆ ಉಕ್ಕುವುದನ್ನು ಎಲ್ಲರೂ ಕಂಡಿದ್ದಾರೆ. ಒತ್ತಡದಿಂದ ಕರಗಿದ್ದ ಅನಿಲ ಒತ್ತಡ ತಗ್ಗಿದೊಡನೆ ಗುಳ್ಳೆಗಳಾಗಿ ಹೊರಬೀಳುವುದೇ ಅದಕ್ಕೆ ಕಾರಣ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ೭೮ ಪಾಲು ಸಾರಜನಕ, ೨೧ ಪಾಲು ಆಮ್ಲಜನಕ. ಆಮ್ಲಜನಕವನ್ನು ಶರೀರ ವ್ಯಯಿಸುತ್ತದೆ. ಸಾರಜನಕಕ್ಕೆ ಶರೀರದಲ್ಲಿ ಉಪಯೋಗವಿಲ್ಲ. ಒತ್ತಡ ಏರಿದಾಗ ಅದು ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಕರಗಿ ಕುಳಿತುಕೊಳ್ಳುತ್ತದೆ. ಅವಸರದಲ್ಲಿ ಮೇಲೇರಿದರೆ ಸೋಡಾ ಬಾಟಲಿಯ ನ್ಯಾಯದಂತೆ ಗುಳ್ಳೆಗಟ್ಟುತ್ತದೆ. ಫ್ರೆಂಚ್ ಶರೀರಶಾಸ್ತ್ರಜ್ಞ ಪಾಲ್ ಬೆರ್ ೧೮೭೮ರಲ್ಲಿ ಪ್ರಕಟಿಸಿದ ತಮ್ಮ ಮಹಾಗ್ರಂಥದಲ್ಲಿ ಇದನ್ನು ಪ್ರಯೋಗಗಳಿಂದ ಸಿದ್ಧಪಡಿಸಿದರು.

ಹಾಗಾದರೆ ಮೇಲೇರುವ ಕ್ರಮ ಹೇಗಿರಬೇಕು? ಇದಕ್ಕೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್. ಆಡುಗಳ ಮೇಲೆ ಪ್ರಯೋಗ ನಡೆಸಿ, ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ ೧೯೦೮ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ‘ಹಂತಹಂತವಾಗಿ ಏರುವ’ ಪದ್ಧತಿ ಪ್ರತಿಪಾದಿತವಾಯಿತು. ಒಂದಿಷ್ಟು ಏರಿ ನಿಲ್ಲುವುದು, ಸಾರಜನಕ ಉಸಿರಿನೊಡನೆ ಹೊರಹೋಗಲು ಕಾಲ ಕೊಡುವುದು, ಮತ್ತೆ ಏರುವುದು. ಇದೇ ಆ ಪದ್ಧತಿಯ ಸಾರ. ಇಂದಿನ ಕೋಷ್ಟಕಗಳೆಲ್ಲ ಇದರ ಸಂತತಿಯೇ ಸರಿ. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಒತ್ತಡಕೋಷ್ಠದೊಳಗೆ ತಮ್ಮ ಮೇಲೆಯೇ ಪ್ರಯೋಗಗಳನ್ನು ನಡೆಸಿ, ಆಮ್ಲಜನಕದ ಅತಿಸೇವನೆಯಿಂದ ಸೆಳವು ಬಂದು ಬೆನ್ನುಮೂಳೆಗೆ ಪೆಟ್ಟುಮಾಡಿಕೊಂಡರು. ೧೯೫೭ರಲ್ಲಿ ಅವರು ಭಾರತಕ್ಕೆ ಬಂದು ನೆಲೆಸಿ, ಭಾರತೀಯ ಪೌರತ್ವವನ್ನು ಪಡೆದು, ೧೯೬೪ರಲ್ಲಿ ಭುವನೇಶ್ವರದಲ್ಲಿ ದೇಹವಿಟ್ಟರು.

೪. ಚಿಕಿತ್ಸೆಯ ಕೋಷ್ಠ

ಒತ್ತಡದ ಗಾಳಿಯಿಂದ ರೋಗ ವಾಸಿಮಾಡಬಹುದೆಂಬ ಕಲ್ಪನೆ ಹಳೆಯದು. ೧೬೬೨ರಲ್ಲಿಯೇ ಇಂಗ್ಲೆಂಡಿನ ಹೆನ್‌ಷಾ ಎಂಬವರು ತಿದಿಗಳಿಂದ ಗಾಳಿಯೊತ್ತುವ ಕೊಠಡಿಯೊಂದನ್ನು ಸೂಚಿಸಿದ್ದರು. ಆದರೆ ಅದಕ್ಕೆ ಶಾಸ್ತ್ರೀಯ ಆಧಾರ ಒದಗಿದ್ದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಆಮ್‌ಸ್ಟರ್‌ಡಾಮಿನ ಶಸ್ತ್ರವೈದ್ಯ ಬೂರೆಮಾ ಮತ್ತು ಅವರ ಸಹಕಾರಿಗಳು, ಮೂರು ವಾಯುಭಾರದ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದರೆ ಕೆಂಪುಕಣಗಳ ನೆರವಿಲ್ಲದೆಯೂ ಪ್ರಾಣಿ ಬದುಕಿರಬಲ್ಲದೆಂದು ೧೯೬೦ರಲ್ಲಿ ಹಂದಿಮರಿಗಳ ಪ್ರಯೋಗದಿಂದ ತೋರಿಸಿದರು. ಸಹಜಸ್ಥಿತಿಯಲ್ಲಿ ೧೦೦ ಮಿಲಿಲೀಟರ್ ರಕ್ತದ ದ್ರವಭಾಗದಲ್ಲಿ ಕರಗಿರುವ ಆಮ್ಲಜನಕ ಸುಮಾರು ೦.೩ ಮಿಲಿಲೀಟರ್ ಮಾತ್ರ. ಮೂರು ವಾಯುಭಾರದಲ್ಲಿ ಶುದ್ಧ ಆಮ್ಲಜನಕ ಸೇವಿಸಿದಾಗ ಅದು ಸುಮಾರು ಆರು ಮಿಲಿಲೀಟರಿಗೆ ಏರುತ್ತದೆ.

ಇಂದು ಮುಳುಗುಗಾರರ ಒತ್ತಡರೋಗ, ರಕ್ತನಾಳದಲ್ಲಿ ಗಾಳಿ ಸೇರಿದ ಸ್ಥಿತಿ, ಇಂಗಾಲದ ಮಾನಾಕ್ಸೈಡ್ ವಿಷ, ಅನಿಲ ಗ್ಯಾಂಗ್ರೀನ್, ಸಿಹಿಮೂತ್ರರೋಗಿಗಳ ಕಾಲಿನ ಮಾಯದ ಹುಣ್ಣು, ವಿಕಿರಣ ಚಿಕಿತ್ಸೆಯಿಂದಾದ ಗಾಯ ಮುಂತಾದವುಗಳಿಗೆ ಈ ಚಿಕಿತ್ಸೆ ಬಳಕೆಯಲ್ಲಿದೆ. ಕೋಷ್ಠಗಳಲ್ಲಿ ಎರಡು ಬಗೆ. ಒಬ್ಬನೇ ರೋಗಿ ಮಲಗುವ ಚಿಕ್ಕ ಕೋಷ್ಠ ಒಂದು. ಇದರಲ್ಲಿ ಪರಿಚಾರಕ ಹೊರಗೇ ಇರುತ್ತಾನೆ. ಹಲವು ಮಂದಿ ಕುಳಿತುಕೊಳ್ಳುವ ದೊಡ್ಡ ಕೋಷ್ಠ ಇನ್ನೊಂದು. ಇದರಲ್ಲಿ ರೋಗಿಗಳೊಡನೆ ಒಬ್ಬ ಪರಿಚಾರಕನೋ ಪರಿಚಾರಿಕೆಯೋ ಒಳಗೆ ಇರಲೇಬೇಕು. ಒತ್ತಡ ಸಾಮಾನ್ಯವಾಗಿ ಎರಡರಿಂದ ಮೂರು ವಾಯುಭಾರ. ಒಂದು ಸರದಿ ಬಹುಮಟ್ಟಿಗೆ ಒಂದೂವರೆಯಿಂದ ಎರಡು ಗಂಟೆ. ಒತ್ತಡರೋಗದ ಚಿಕಿತ್ಸೆಯಾದರೆ ಐದು ಗಂಟೆಗಳವರೆಗೂ ಸಾಗುವುದುಂಟು.

ಇಲ್ಲಿಯೇ ಈ ಲೇಖನದ ಮರ್ಮವಿದೆ. ದೊಡ್ಡ ಕೋಷ್ಠದಲ್ಲಿ ರೋಗಿಯು ಮುಖವಾಡದ ಮೂಲಕವೋ ತಲೆಗವಸಿನ ಮೂಲಕವೋ ಶುದ್ಧ ಆಮ್ಲಜನಕವನ್ನು ಸೇವಿಸುತ್ತಾನೆ. ಪರಿಚಾರಕನಾದರೋ ಕೋಷ್ಠದಲ್ಲಿ ತುಂಬಿದ ಸಾಮಾನ್ಯ ಗಾಳಿಯನ್ನೇ ಉಸಿರಾಡುತ್ತಾನೆ. ರೋಗಿಯ ಮೈಯಿಂದ ಸಾರಜನಕ ಹೊರಹೋಗುತ್ತಿರುತ್ತದೆ. ಅದೇ ಹೊತ್ತಿನಲ್ಲಿ ಪರಿಚಾರಕನ ಮೈಯೊಳಗೆ ಸಾರಜನಕ ಸೇರುತ್ತಿರುತ್ತದೆ. ಒಂದೇ ಕೊಠಡಿ, ಒಂದೇ ಒತ್ತಡ. ಒಬ್ಬನಿಗೆ ಅದು ಔಷಧ, ಇನ್ನೊಬ್ಬನಿಗೆ ಅದು ಹೊರೆ. ರೋಗಿಯ ಚಿಕಿತ್ಸೆ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಪರಿಚಾರಕನು ವರ್ಷಾನುಗಟ್ಟಲೆ ಒಳಹೊಕ್ಕು ಹೊರಬರುತ್ತಿರುತ್ತಾನೆ.

೫. ಉಸಿರಿಗೆ ಒದಗುವ ಅಪಾಯಗಳು

(ಅ) ಸಾರಜನಕದ ಗುಳ್ಳೆಗಳು: ಮೈಯಲ್ಲಿ ಎದ್ದ ಗುಳ್ಳೆಗಳು ಅಶುದ್ಧರಕ್ತದೊಡನೆ ಹೃದಯಕ್ಕೆ ಬಂದು ಅಲ್ಲಿಂದ ಶ್ವಾಸಕೋಶವನ್ನು ಸೇರುತ್ತವೆ. ಶ್ವಾಸಕೋಶವು ಜರಡಿಯಂತೆ ಅವುಗಳನ್ನು ತಡೆದು ಮೆಲ್ಲನೆ ಉಸಿರಿನಲ್ಲಿ ಹೊರಹಾಕುತ್ತದೆ. ಕೆಲವೇ ಗುಳ್ಳೆಗಳಾದರೆ ಯಾವ ಬಾಧೆಯೂ ತೋರದು. ಬಹಳವಾದರೆ ಜರಡಿ ಕಟ್ಟಿಕೊಳ್ಳುತ್ತದೆ. ಎದೆನೋವು, ಒಣಕೆಮ್ಮು, ಏದುಸಿರು ಉಂಟಾಗುತ್ತವೆ. ಅಪರೂಪವಾದರೂ ಇದು ಮಾರಕ. ಹೃದಯದ ಮೇಲಿನ ಎರಡು ಕೋಣೆಗಳ ನಡುವಣ ಭ್ರೂಣಾವಸ್ಥೆಯ ರಂಧ್ರ ಕೆಲವರಲ್ಲಿ ಮುಚ್ಚದೆ ಉಳಿದಿರುತ್ತದೆ. ಅಂಥವರಲ್ಲಿ ಗುಳ್ಳೆಗಳು ಜರಡಿಯನ್ನು ತಪ್ಪಿಸಿಕೊಂಡು ಮಿದುಳನ್ನೇ ಸೇರಬಹುದು.

(ಆ) ತಡೆಹಿಡಿದ ಉಸಿರು: ಪೂರಕ, ಕುಂಭಕ, ರೇಚಕ ಎಂಬ ಪ್ರಾಣಾಯಾಮದ ಮೂರು ಅಂಗಗಳು ನಮ್ಮವರಿಗೆ ಪರಿಚಿತ. ಒಳಗೆಳೆಯುವುದು ಪೂರಕ, ಹಿಡಿದಿಡುವುದು ಕುಂಭಕ, ಹೊರಬಿಡುವುದು ರೇಚಕ. ಒತ್ತಡ ತಗ್ಗುತ್ತಿರುವಾಗ ಕುಂಭಕ ಸರ್ವಥಾ ನಿಷಿದ್ಧ. ಮೂರು ವಾಯುಭಾರದಲ್ಲಿ ಶ್ವಾಸಕೋಶವನ್ನು ತುಂಬಿದ ಆರು ಲೀಟರ್ ಗಾಳಿ, ಸಹಜ ಒತ್ತಡಕ್ಕೆ ಬಂದಾಗ ಹದಿನೆಂಟು ಲೀಟರ್ ಸ್ಥಳವನ್ನು ಬೇಡುತ್ತದೆ. ಹೊರದಾರಿ ಸಿಗದಿದ್ದರೆ ಶ್ವಾಸಕೋಶದ ಸೂಕ್ಷ್ಮ ಗೂಡುಗಳು ಹರಿದು ಗಾಳಿ ಎದೆಗೂಡನ್ನೋ ರಕ್ತನಾಳವನ್ನೋ ಹೊಗುತ್ತದೆ. ತಿಳಿದು ಉಸಿರು ಹಿಡಿಯುವವರು ವಿರಳ. ಆದರೆ ಉಬ್ಬಸದ ಕಫ ಶ್ವಾಸನಾಳವನ್ನು ಮುಚ್ಚಿದಾಗ, ಶ್ವಾಸಕೋಶದಲ್ಲಿ ಗಾಳಿಯ ಬೊಬ್ಬೆಗಳಿದ್ದಾಗ, ಮನುಷ್ಯನಿಗೆ ಅರಿವಿಲ್ಲದೆಯೇ ಕುಂಭಕವಾಗುತ್ತದೆ. ಆದುದರಿಂದ ಮೇಲೇರುವಾಗ ಸಹಜವಾಗಿ ಉಸಿರಾಡುತ್ತಿರಬೇಕೆಂಬುದು ಕೋಷ್ಠದ ಮೊದಲ ಪಾಠ.

ಇಳಿಯುವಾಗ ಇದರ ವಿಲೋಮ ಬಾಧೆ. ನೆಗಡಿಯಿಂದ ಮೂಗು ಕಟ್ಟಿದ್ದರೆ ನಡುಗಿವಿಗೂ ಮುಖದ ಎಲುಬಿನ ಟೊಳ್ಳುಗಳಿಗೂ ಗಾಳಿ ಹೋಗದೆ ತೀವ್ರವಾದ ನೋವು ಹುಟ್ಟುತ್ತದೆ, ಕೆಲವೊಮ್ಮೆ ಕಿವಿಯ ತಮಟೆ ಹರಿಯುತ್ತದೆ. ಒಳಗಣ ಪರಿಚಾರಕರಿಗೆ ಪದೇಪದೇ ಒದಗುವ ತೊಂದರೆಗಳಲ್ಲಿ ಕಿವಿಯ ಈ ಬಾಧೆಯೇ ಮುಖ್ಯ. ಅದರ ಮೂಲವಿರುವುದು ಉಸಿರಿನ ದಾರಿಯಲ್ಲಿಯೇ.

(ಇ) ಗಾಳಿಯ ಸಾಂದ್ರತೆ: ಮೂರು ವಾಯುಭಾರದ ಗಾಳಿ ಸಹಜವಾದ ಗಾಳಿಗಿಂತ ಮೂರು ಪಟ್ಟು ಸಾಂದ್ರ. ತಿಳಿನೀರನ್ನು ಹೀರುವುದಕ್ಕೂ ಪಾನಕದ ಗಷ್ಟನ್ನು ಹೀರುವುದಕ್ಕೂ ಇರುವ ಭೇದದಂತೆ, ಅದನ್ನು ಎಳೆದುಬಿಡಲು ಎದೆಯ ಸ್ನಾಯುಗಳಿಗೆ ಹೆಚ್ಚು ಶ್ರಮ. ನಾಲ್ಕು ವಾಯುಭಾರದಲ್ಲಿ ಮನುಷ್ಯನು ಒಂದು ನಿಮಿಷದಲ್ಲಿ ಎಳೆದುಬಿಡಬಹುದಾದ ಗರಿಷ್ಠ ಗಾಳಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸುಮ್ಮನೆ ಕುಳಿತವನಿಗೆ ಇದು ತಿಳಿಯದು. ಪ್ರಜ್ಞೆತಪ್ಪಿದ ರೋಗಿಯನ್ನು ಎತ್ತುವಾಗ, ನಿಂತ ಹೃದಯವನ್ನು ಎದೆಯೊತ್ತಿ ನಡೆಸುವಾಗ ಪರಿಚಾರಕನಿಗೆ ಏದುಸಿರು ಬರುತ್ತದೆ.

(ಈ) ಗಾಳಿಯ ಅಶುದ್ಧತೆ: ಮುಚ್ಚಿದ ಕೊಠಡಿಯಲ್ಲಿ ಜನರು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡುತ್ತ ಹೋಗುತ್ತದೆ. ಒತ್ತಡದಲ್ಲಿ ಲೆಕ್ಕಕ್ಕೆ ಬರುವುದು ಶೇಕಡ ಪ್ರಮಾಣ ಮಾತ್ರವಲ್ಲ. ಮೂರು ವಾಯುಭಾರದಲ್ಲಿ ನೂರಕ್ಕೆ ಒಂದು ಪಾಲು ಇದ್ದರೆ ಅದು ಸಹಜ ಒತ್ತಡದ ನೂರಕ್ಕೆ ಮೂರು ಪಾಲಿಗೆ ಸಮ. ತಲೆನೋವು, ವೇಗದ ಉಸಿರು, ಮಂಕು ಇದರ ಲಕ್ಷಣಗಳು. ಇದೇ ನ್ಯಾಯ ಬೇರೆ ಕಲ್ಮಷಗಳಿಗೂ ಅನ್ವಯಿಸುತ್ತದೆ. ಗಾಳಿಯೊತ್ತುವ ಯಂತ್ರದ ಬಾಯಿ ವಾಹನಗಳು ನಿಲ್ಲುವ ಕಡೆಗೆ ತೆರೆದಿದ್ದರೆ ಅಲ್ಲಿಯ ಹೊಗೆ, ಯಂತ್ರ ಕೆಟ್ಟಿದ್ದರೆ ಅದರ ಎಣ್ಣೆಯ ಆವಿ ನೇರವಾಗಿ ಪರಿಚಾರಕನ ಶ್ವಾಸಕೋಶಕ್ಕೆ ಹೋಗುತ್ತವೆ. ಮುಖವಾಡ ಧರಿಸಿದ ರೋಗಿ ಅದರಿಂದ ಬಹುಮಟ್ಟಿಗೆ ಪಾರಾಗುತ್ತಾನೆ. ಪರಿಚಾರಕನಿಗೆ ಆ ರಕ್ಷೆಯೂ ಇಲ್ಲ. ಇದಲ್ಲದೆ ಇಕ್ಕಟ್ಟಾದ ಜಾಗದಲ್ಲಿ ಕೆಮ್ಮುವ ರೋಗಿಯಿಂದ ಸೋಂಕು ತಗಲುವ ಸಂಭವವೂ ಉಂಟು. ಒತ್ತಡ ಏರುವಾಗ ಕೊಠಡಿ ಬಿಸಿಯಾಗುವುದೂ, ತಗ್ಗುವಾಗ ತಣ್ಣಗಾಗಿ ಮಂಜು ಕವಿಯುವುದೂ ಉಬ್ಬಸದ ಪ್ರಕೃತಿಯವರಿಗೆ ಹಿತವಲ್ಲ.

(ಉ) ಆಮ್ಲಜನಕದ ಅತಿಸೇವನೆ: ಪ್ರಾಣವಾಯುವೆಂದು ಕರೆಯುವ ಆಮ್ಲಜನಕವೂ ಮಿತಿಮೀರಿದರೆ ಶ್ವಾಸಕೋಶವನ್ನು ಸುಡುತ್ತದೆ. ೧೮೯೯ರಲ್ಲಿ ಜೇಮ್ಸ್ ಲೊರೇನ್ ಸ್ಮಿತ್ ಎಂಬ ರೋಗಶಾಸ್ತ್ರಜ್ಞರು, ಅಧಿಕ ಆಮ್ಲಜನಕದಲ್ಲಿಟ್ಟ ಪ್ರಾಣಿಗಳ ಶ್ವಾಸಕೋಶ ಉರಿಯೂತದಿಂದ ಗಟ್ಟಿಯಾಗುವುದನ್ನು ಕಂಡರು. ಆ ವಿಕಾರಕ್ಕೆ ಇಂದಿಗೂ ಅವರ ಹೆಸರೇ ಇದೆ. ೧೯೪೫ರಲ್ಲಿ ಅಮೆರಿಕದ ಕಾಮ್ರೊ ಮತ್ತು ಸಂಗಡಿಗರು ಸ್ವಯಂಸೇವಕರಿಗೆ ಸಹಜ ಒತ್ತಡದಲ್ಲಿಯೇ ಇಪ್ಪತ್ತನಾಲ್ಕು ಗಂಟೆ ಶುದ್ಧ ಆಮ್ಲಜನಕ ಕೊಟ್ಟಾಗ, ಸರಾಸರಿ ಹದಿನಾಲ್ಕು ಗಂಟೆಗಳ ಬಳಿಕ ಬಹುಮಂದಿಗೆ ಎದೆಯೆಲುಬಿನ ಹಿಂದೆ ನೋವು ಕಾಣಿಸಿಕೊಂಡಿತು. ಅರ್ಧ ಪ್ರಮಾಣದ ಆಮ್ಲಜನಕ ಸೇವಿಸಿದವರಿಗೆ ಆ ನೋವು ಬರಲಿಲ್ಲ. ಆದ್ದರಿಂದ ಅರ್ಧ ವಾಯುಭಾರದ ಆಮ್ಲಜನಕವನ್ನು ಸುರಕ್ಷಿತವಾದ ಎಲ್ಲೆಯೆಂದು ಸ್ಥೂಲವಾಗಿ ಎಣಿಸುತ್ತಾರೆ.

ಈಗ ಪರಿಚಾರಕನ ಲೆಕ್ಕ ನೋಡಬಹುದು. ೨.೮ ವಾಯುಭಾರದ ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ೦.೫೯ ವಾಯುಭಾರ, ಎಲ್ಲೆಗಿಂತ ತುಸು ಮೇಲೆ. ಕೆಲವು ಗಂಟೆಗಳ ಮಟ್ಟಿಗೆ ಇದರಿಂದ ಕೇಡಿಲ್ಲ. ಆದರೆ ಮೇಲೇರುವ ಮುನ್ನ ಸಾರಜನಕವನ್ನು ಕಳೆಯುವುದಕ್ಕಾಗಿ ಪರಿಚಾರಕನಿಗೂ ಶುದ್ಧ ಆಮ್ಲಜನಕ ಕೊಡುವುದು ವಾಡಿಕೆ. ಒತ್ತಡರೋಗದ ಚಿಕಿತ್ಸೆಗೆ ಬಹಳವಾಗಿ ಬಳಸುವ ಅಮೆರಿಕದ ನೌಕಾದಳದ ಆರನೆಯ ಕೋಷ್ಟಕದಂತೆ, ಪರಿಚಾರಕನು ಒಂಬತ್ತು ಮೀಟರ್ ಆಳದ ಒತ್ತಡದಲ್ಲಿ ಕೊನೆಯ ಅರ್ಧ ಗಂಟೆಯೂ ಅಲ್ಲಿಂದ ಮೇಲೇರುವಷ್ಟು ಹೊತ್ತೂ ಆಮ್ಲಜನಕವನ್ನೇ ಉಸಿರಾಡಬೇಕು. ಸಾರಜನಕದ ಕೇಡಿಗೆ ಆಮ್ಲಜನಕವೇ ಮದ್ದು. ಆ ಮದ್ದಿಗೂ ಮಿತಿಯುಂಟು. ಗಂಟಲಲ್ಲಿ ಕೆರೆತ, ಆಳವಾಗಿ ಉಸಿರೆಳೆದಾಗ ಕೆಮ್ಮು, ಎದೆಯ ನಡುವೆ ಉರಿ, ಶ್ವಾಸಕೋಶದ ಧಾರಣಶಕ್ತಿ ತಗ್ಗುವುದು: ಇವು ಮಿತಿಮೀರಿದ ಲಕ್ಷಣಗಳು. ಸಾಮಾನ್ಯವಾಗಿ ಸೇವನೆ ನಿಂತ ಮೇಲೆ ಇವು ಶಮನವಾಗುತ್ತವೆ. ಬಿಡುವಿಲ್ಲದೆ ಸರದಿಯ ಮೇಲೆ ಸರದಿ ಹೇರಿದರೆ ಶಮನಕ್ಕೆ ಅವಕಾಶವೇ ಇರುವುದಿಲ್ಲ.

೬. ರಕ್ಷಣೋಪಾಯಗಳು

ಮೇಲೆ ಹೇಳಿದ ಅಪಾಯಗಳಲ್ಲಿ ಪ್ರತಿಯೊಂದಕ್ಕೂ ಪರಿಹಾರವಿದೆ ಎಂಬುದು ಸಮಾಧಾನದ ಸಂಗತಿ. ಕ್ರಮವರಿತು ನಡೆಸುವ ಕೋಷ್ಠಗಳಲ್ಲಿ ಪರಿಚಾರಕರಿಗೆ ಒತ್ತಡರೋಗ ಬರುವುದು ಬಹಳ ವಿರಳ. ಆ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದು ಆಯ್ಕೆ. ಕೆಲಸಕ್ಕೆ ಸೇರುವ ಮುನ್ನ ಎದೆಯ ಕ್ಷಕಿರಣ ಚಿತ್ರ, ಶ್ವಾಸಶಕ್ತಿಯ ಅಳತೆ, ಕಿವಿ ಮೂಗುಗಳ ಪರೀಕ್ಷೆ ನಡೆಯಬೇಕು. ಉಬ್ಬಸವುಳ್ಳವರು, ಹಿಂದೆ ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಿದ್ದವರು ಒಳಗಣ ಕೆಲಸಕ್ಕೆ ತಕ್ಕವರಲ್ಲ. ಗರ್ಭಿಣಿಯರನ್ನು ಒಳಗೆ ಕಳುಹಿಸಬಾರದು. ಧೂಮಪಾನ ಈ ವೃತ್ತಿಗೆ ಶತ್ರು.

ಎರಡನೆಯದು ದಿನದ ವಿಚಾರಣೆ. ಪ್ರತಿ ಸರದಿಗೂ ಮುನ್ನ ನೆಗಡಿ, ಕೆಮ್ಮು, ಜ್ವರವುಂಟೇ ಎಂದು ಕೇಳಬೇಕು. ಇದ್ದರೆ ಅಂದು ಅವರನ್ನು ಹೊರಗಿನ ಕೆಲಸಕ್ಕೆ ಹಾಕಬೇಕು. ಇದಕ್ಕಾಗಿ ಸಂಬಳ ಕಡಿಯುವ ಪದ್ಧತಿಯಿದ್ದರೆ ಪರಿಚಾರಕನು ನೆಗಡಿಯನ್ನು ಮುಚ್ಚಿಟ್ಟು ಒಳಹೋಗುತ್ತಾನೆ. ಆಗ ನಿಯಮವಿದ್ದೂ ಇಲ್ಲದಂತೆಯೇ.

ಮೂರನೆಯದು ಮಿತಿ ಮತ್ತು ಬಿಡುವು. ಯಾರು, ಎಂದು, ಎಷ್ಟು ಒತ್ತಡದಲ್ಲಿ, ಎಷ್ಟು ಹೊತ್ತು ಇದ್ದರೆಂಬುದನ್ನು ದಿನಚರಿಯಲ್ಲಿ ಬರೆದಿಡಬೇಕು. ಒಂದೇ ದಿನ ಮತ್ತೆ ಮತ್ತೆ ಒಳಗೆ ಕಳುಹಿಸಬಾರದು. ಹೊರಬಂದ ಮೇಲೆ ಕೆಲವು ಗಂಟೆ ಭಾರೀ ದೈಹಿಕ ಶ್ರಮವನ್ನು ಬಿಡಬೇಕು. ವಿಮಾನಪ್ರಯಾಣಕ್ಕೆ ಕನಿಷ್ಠ ಒಂದು ದಿನದ ಅಂತರವಿರಬೇಕು. ವಿಮಾನದೊಳಗೆ ಒತ್ತಡ ಇನ್ನಷ್ಟು ತಗ್ಗುವುದರಿಂದ ಉಳಿದ ಸಾರಜನಕ ಅಲ್ಲಿ ಗುಳ್ಳೆಗಟ್ಟಬಹುದು.

ನಾಲ್ಕನೆಯದು ಗಾಳಿಯ ಶುದ್ಧಿ. ಗಾಳಿಯೊತ್ತುವ ಯಂತ್ರದ ಸೋಸುಕಗಳನ್ನು ಕಾಲಕಾಲಕ್ಕೆ ಬದಲಿಸಬೇಕು, ಗಾಳಿಯ ಮಾದರಿಯನ್ನು ಪರೀಕ್ಷಿಸಬೇಕು, ಕೋಷ್ಠಕ್ಕೆ ಹೊಸ ಗಾಳಿ ಹಾಯಿಸುತ್ತಿರಬೇಕು. ರೋಗಿಗಳು ಬಿಟ್ಟ ಆಮ್ಲಜನಕವನ್ನು ಕೊಳವೆಯ ಮೂಲಕ ಕಟ್ಟಡದ ಹೊರಕ್ಕೆ ಸಾಗಿಸಬೇಕು. ಕೋಷ್ಠದ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ೨೩.೫ನ್ನು ಮೀರಬಾರದೆಂಬುದು ಅಂಗೀಕೃತ ನಿಯಮ, ಏಕೆಂದರೆ ಆಮ್ಲಜನಕ ಹೆಚ್ಚಿದಷ್ಟೂ ಬೆಂಕಿ ಉಗ್ರವಾಗುತ್ತದೆ. ೧೯೯೭ರ ಅಕ್ಟೋಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಕೋಷ್ಠವೊಂದಕ್ಕೆ ಬೆಂಕಿ ಹತ್ತಿ ಹನ್ನೊಂದು ಮಂದಿ ಸತ್ತರು. ಅವರಲ್ಲಿ ರೋಗಿಗಳೊಡನೆ ಇದ್ದ ದಾದಿಯೊಬ್ಬರೂ ಸೇರಿದ್ದರು.

ಐದನೆಯದು ವಾರ್ಷಿಕ ಪರೀಕ್ಷೆ. ಶ್ವಾಸಶಕ್ತಿಯನ್ನು ವರ್ಷಕ್ಕೊಮ್ಮೆ ಅಳೆದು ಹಿಂದಿನ ವರ್ಷಗಳ ಅಂಕಿಗಳೊಡನೆ ಹೋಲಿಸಬೇಕು. ಒಂದು ಅಂಕಿ ಒಂಟಿಯಾಗಿ ಏನನ್ನೂ ಹೇಳದು. ಹತ್ತು ವರ್ಷಗಳ ಅಂಕಿಗಳನ್ನು ಸಾಲಾಗಿಟ್ಟರೆ ಇಳಿತವಿದ್ದಲ್ಲಿ ಕಣ್ಣಿಗೆ ಬೀಳುತ್ತದೆ.

ಹೊರಗೆ ಕುಳಿತು ಒತ್ತಡದ ತಿರುಪುಗಳನ್ನು ನಡೆಸುವವರ ಹೊಣೆಯನ್ನೂ ಇಲ್ಲಿ ನೆನೆಯಬೇಕು. ಅವರ ಶ್ವಾಸಕೋಶಕ್ಕೆ ಒತ್ತಡದ ಬಾಧೆಯಿಲ್ಲ. ಆದರೆ ಒಳಗಿರುವವರ ಶ್ವಾಸ ಅವರ ಕೈಯಲ್ಲಿದೆ. ಸರದಿ ಬೇಗ ಮುಗಿಯಲೆಂದು ಎರಡು ನಿಮಿಷ ಉಳಿಸಿದರೆ ಅದನ್ನು ತೆರಬೇಕಾದವನು ಒಳಗಣ ಪರಿಚಾರಕ.

೭. ಉಪಸಂಹಾರ

ಜಾಮಿನೆ ಅವರು ಮೂರೂವರೆ ನಿಮಿಷಗಳಲ್ಲಿ ಹೊರಬಂದು ನೆಲಕ್ಕೊರಗಿದ ದಿನದಿಂದ ಇಂದಿನವರೆಗೆ ನೂರೈವತ್ತಕ್ಕೂ ಹೆಚ್ಚು ವರ್ಷಗಳು ಸಂದಿವೆ. ಅಂದು ಕಾರಣ ತಿಳಿದಿರಲಿಲ್ಲ. ಆದುದರಿಂದ ಆದ ಕೇಡಿಗೆ ಯಾರನ್ನೂ ಬಹಳ ದೂಷಿಸುವಂತಿರಲಿಲ್ಲ. ಇಂದು ಕಾರಣವೂ ತಿಳಿದಿದೆ, ಪರಿಹಾರವೂ ತಿಳಿದಿದೆ. ತಿಳಿದ ಮೇಲೆ ಆಗುವ ಕೇಡಿಗೆ ಅಜ್ಞಾನವನ್ನು ನೆಪವಾಗಿ ಹೇಳಲು ಬರುವುದಿಲ್ಲ.

ಆಸ್ಪತ್ರೆಗಳಿಗೆ ಯಂತ್ರಗಳನ್ನು ಕೊಡಿಸುವ ಉದಾರಿಗಳು ನಮ್ಮ ಸಮಾಜದಲ್ಲಿ ಸದಾ ಇದ್ದಾರೆ. ಯಂತ್ರದ ಬೆಲೆಯನ್ನು ತೆತ್ತ ದಿನವೇ ದಾನ ಪೂರ್ಣವಾಯಿತೆಂದು ಭಾವಿಸುವುದು ಸಹಜ. ಒತ್ತಡಕೋಷ್ಠದ ವಿಷಯದಲ್ಲಿ ಅದು ಪೂರ್ಣವಾಗುವುದು ಹಾಗಲ್ಲ. ಸೋಸುಕವನ್ನು ಬದಲಿಸುವ ಖರ್ಚು, ಪರಿಚಾರಕನ ವಾರ್ಷಿಕ ಪರೀಕ್ಷೆಯ ಖರ್ಚು, ನೆಗಡಿಯಾದ ದಿನ ಅವನನ್ನು ಸಂಬಳಸಹಿತವಾಗಿ ಹೊರಗಿರಿಸುವ ಖರ್ಚು, ಸರದಿಗಳ ನಡುವೆ ಬಿಡುವು ಕೊಡಲು ಇನ್ನೊಬ್ಬನನ್ನು ನೇಮಿಸುವ ಖರ್ಚು ಇವೆಲ್ಲವೂ ಯಂತ್ರದ ಬೆಲೆಯಲ್ಲಿಯೇ ಸೇರಿದವು. ಇವು ಫಲಕದ ಮೇಲೆ ಕೆತ್ತಿಸುವಂಥ ದಾನಗಳಲ್ಲ. ಕಣ್ಣಿಗೆ ಕಾಣುವವೂ ಅಲ್ಲ. ಗಾಳಿಯೂ ಕಣ್ಣಿಗೆ ಕಾಣದು.

ಅಧ್ಯಾಪಕರಿಗೂ ಇಲ್ಲಿ ಒಂದು ಸಂಗತಿಯುಂಟು. ಬಾಯ್ಲ್ ನಿಯಮವನ್ನೂ ಹೆನ್ರಿ ನಿಯಮವನ್ನೂ ಶಾಲೆಯ ಹುಡುಗರು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆ ಎರಡು ಸೂತ್ರಗಳ ಹಿಂದೆ ನದಿಯ ತಳದಲ್ಲಿ ಸತ್ತ ಕೂಲಿಗಳೂ ಉಕ್ಕಿನ ಕೊಠಡಿಯಲ್ಲಿ ರೋಗಿಯ ಕೈಹಿಡಿದು ಕುಳಿತ ದಾದಿಯರೂ ಇದ್ದಾರೆಂದು ಹೇಳಿಕೊಟ್ಟರೆ ಪಾಠವೂ ನೆನಪಿನಲ್ಲಿ ಉಳಿಯುತ್ತದೆ, ಮನುಷ್ಯರೂ ನೆನಪಿನಲ್ಲಿ ಉಳಿಯುತ್ತಾರೆ. ಅನ್ಯರ ಉಸಿರನ್ನು ಕಾಯುವುದೇ ಯಾರ ಕಾಯಕವೋ ಅವರ ಉಸಿರನ್ನು ಕಾಯುವುದು ಉಳಿದವರೆಲ್ಲರ ಹೊಣೆ.